ತುಮಕೂರಿನಿಂದ ಹೊರಟು ಜಪಾನಿ-ಫ್ರೆಂಚ್ ಕೇಕು ಸವಿಯುವ ಬಗೆ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಒಂದು ಒಳ್ಳೆಯ ಊಟಕ್ಕಾಗಿ, ಅದರ ಕೊನೆಗೆ ಬರುವ ಜಪಾನಿ-ಫ್ರೆಂಚ್ ಶೈಲಿಯ ಕೇಕಿಗಾಗಿ ಅಷ್ಟು ದೂರ ಹೋಗಿ ಬರುವವರು ನಮ್ಮೂರಿನಲ್ಲಿಯೂ ಇದ್ದಾರೆ. ಆದರೆ ಹಲವರು ಹೊಟ್ಟೆ ಬಿರಿಯುವಷ್ಟು ಉಂಡು, ಕೇಕು ಬರುವ ಹೊತ್ತಿಗೆ ಚಮಚ ಎತ್ತಲಾರದೆ, ಉಳಿದದ್ದನ್ನು ಕಟ್ಟಿಸಿಕೊಂಡು ಮರಳುತ್ತಾರೆ. ಈ ತಿನಿಸಿನ ಆಯುಸ್ಸು ಗಂಟೆಗಳ ಲೆಕ್ಕದ್ದು. ಆದ್ದರಿಂದ ಮೊದಲು ಯಾವ ಕೇಕು ಎಂಬುದನ್ನು ನಿಶ್ಚಯಿಸಿ, ಊಟವನ್ನು ಅದಕ್ಕೆ ಹೊಂದಿಸಿಕೊಳ್ಳುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಜಪಾನಿನಲ್ಲಿ ಪಾಶ್ಚಾತ್ಯ ಮೂಲದ ಸಿಹಿಗಳಿಗೆ ‘ಯೋಗಾಶಿ’ ಎಂಬ ಹೆಸರಿದೆ. ಫ್ರೆಂಚರ ಸ್ಪಂಜು ಕೇಕು, ಹಾಲು-ಮೊಟ್ಟೆಯ ಕಸ್ಟರ್ಡು, ಪದರ ಹಿಟ್ಟುಗಳ ವಿಧಾನವನ್ನು ಅಲ್ಲಿನ ಕೈಗಾರರು ಕಲಿತು, ಸಕ್ಕರೆಯನ್ನು ತಗ್ಗಿಸಿ, ಸ್ಪಂಜನ್ನು ಇನ್ನಷ್ಟು ಮೆತ್ತಗೆ ಮಾಡಿ, ಮಾಚಾ ಎಂಬ ಹಸಿರು ಚಹಾಪುಡಿ, ಕಪ್ಪು ಎಳ್ಳು, ಯೂಜು ಎಂಬ ಹುಳಿಹಣ್ಣು ಇವುಗಳನ್ನು ಸೇರಿಸಿದರು. ಯೊಕೊಹಾಮಾದಲ್ಲಿ 1910ರಲ್ಲಿ ಆರಂಭವಾದ ಫುಜಿಯಾ ಅಂಗಡಿಯು ಕೆನೆ ಮತ್ತು ಸ್ಟ್ರಾಬೆರಿಯ ಶಾರ್ಟ್‌ಕೇಕನ್ನು ಜನಪ್ರಿಯಗೊಳಿಸಿದವರ ಪೈಕಿ ಮುಖ್ಯವಾದದ್ದು. ಟೋಕಿಯೋದಲ್ಲಿ ಹುಟ್ಟಿದ ಸದಹಾರು ಆವೊಕಿ ಪ್ಯಾರಿಸ್ಸಿನಲ್ಲಿಯೇ ಅಂಗಡಿ ತೆರೆದು, ಫ್ರೆಂಚರಿಗೇ ಮಾಚಾ ಮತ್ತು ಕಪ್ಪು ಎಳ್ಳಿನ ಕೇಕುಗಳ ರುಚಿ ಹತ್ತಿಸಿದರು. ಸಿಹಿಯೊಂದನ್ನು ಹೊಗಳುವಾಗ ಜಪಾನಿಗಳು ‘ಅತಿ ಸಿಹಿಯಿಲ್ಲ’ ಎನ್ನುವುದುಂಟು. ಅಯ್ಯಂಗಾರ್ ಬೇಕರಿಯ ಹನಿ ಕೇಕಿಗೆ ಒಗ್ಗಿದ ನಮ್ಮ ನಾಲಿಗೆಗೆ ಮೊದಲ ತುತ್ತು ಸಪ್ಪೆಯೆನಿಸಬಹುದು. ಎರಡು ಮೂರು ತುತ್ತು ಕಾದರೆ ಕೆನೆಯ ಹಾಲಿನ ವಾಸನೆಯೂ ಎಳ್ಳಿನ ಹುರಿದ ಕಂಪೂ ಬೇರೆಬೇರೆಯಾಗಿ ತಿಳಿಯುತ್ತವೆ.

ಹೊರಡುವ ದಿನ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಗಾಡಿ ನಿಲ್ಲಿಸುವ ಆಸೆ ಯಾರಿಗೂ ಸಹಜ. ಒಂದು ಇಡ್ಲಿಗೆ ಮುಗಿಸಿ, ವಡೆಯನ್ನು ಮರಳುವ ಪ್ರಯಾಣಕ್ಕೆ ಬಿಡಿ. ರಾತ್ರಿಯೂಟಕ್ಕಿಂತ ಮಧ್ಯಾಹ್ನದ ಊಟ ಲೇಸು: ಬೆಳಿಗ್ಗೆ ಮಾಡಿಟ್ಟ ಕೇಕು ಆಗಿನ್ನೂ ತಾಜಾ ಆಗಿರುತ್ತದೆ, ಆಯ್ಕೆಯೂ ಹೆಚ್ಚು. ಮೇಜನ್ನು ಮೊದಲೇ ಫೋನಿನಲ್ಲಿ ಕಾದಿರಿಸಿ, ಬೇಕಾದ ಕೇಕನ್ನೂ ಆಗಲೇ ತೆಗೆದಿಡಲು ಹೇಳಿ. ನಾಲ್ಕು ಜನರಿದ್ದರೆ ಮೂರು ಬಗೆಯ ಅಡುಗೆ ತರಿಸಿ ಹಂಚಿಕೊಳ್ಳುವುದು ಸಾಕು. ‘ಇವತ್ತು ಯಾವುದು ಚೆನ್ನಾಗಿ ಬಂದಿದೆ’ ಎಂದು ಬಡಿಸುವವರನ್ನು ಕೇಳಲು ಸಂಕೋಚ ಬೇಡ. ಮೆನುವಿಗಿಂತ ಆ ಉತ್ತರವೇ ಹೆಚ್ಚು ಉಪಯೋಗಕ್ಕೆ ಬಂದ ಅನುಭವ ನನ್ನದು. ಚೀಸು, ಕೆನೆ ತುಂಬಿದ ಅಡುಗೆಯನ್ನು ಆ ದಿನ ಬಿಡಬೇಕು, ಏಕೆಂದರೆ ಕೊನೆಯಲ್ಲಿ ಬರುವುದೂ ಕೆನೆಯೇ.

ಸಸ್ಯಾಹಾರಿಗಳು ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಫ್ರೆಂಚ್ ಸ್ಪಂಜು ಉಬ್ಬುವುದು ಸಕ್ಕರೆಯೊಡನೆ ಬೆಚ್ಚಗೆ ಮಾಡಿ ಕಡೆದ ಮೊಟ್ಟೆಯಿಂದ, ಆದ್ದರಿಂದ ಮೊಟ್ಟೆ ಇದೆಯೇ ಎಂಬುದು ಮೊದಲನೆಯದು. ನೊರೆಯಂತೆ ಹಗುರವಾದ ಮೂಸ್ ಎಂಬ ಸಿಹಿ ಗಟ್ಟಿಯಾಗುವುದು ಹೆಚ್ಚಾಗಿ ಪ್ರಾಣಿಜನ್ಯವಾದ ಜೆಲಟಿನ್‌ನಿಂದ, ಅದು ಇದೆಯೇ ಎಂಬುದು ಎರಡನೆಯದು. ಜೆಲಟಿನ್ ಮೈಯ ಬಿಸಿಗೇ ಕರಗುವುದರಿಂದಲೇ ಮೂಸ್ ಬಾಯಲ್ಲಿ ಹಾಗೆ ಮಾಯವಾಗುತ್ತದೆ. ಕಡಲ ಪಾಚಿಯ ಅಗರ್ ಬಳಸಿದ್ದರೆ ಸಸ್ಯಾಹಾರವೇನೋ ಸರಿ, ಆದರೆ ಅಗರ್ ಕರಗಲು ಸುಮಾರು 85 ಡಿಗ್ರಿ ಸೆಲ್ಸಿಯಸ್ ಬೇಕು, ಹಾಗಾಗಿ ತುಸು ಕಚ್ಚಿ ತಿನ್ನುವ ಗಟ್ಟಿತನವಿರುತ್ತದೆ. ಸ್ಪಂಜಿಗೆ ಸವರುವ ಪಾಕದಲ್ಲಿ ರಮ್ ಬೆರೆಸುವುದೂ ಉಂಟು. ಅದು ಮೂರನೆಯ ಪ್ರಶ್ನೆ.

ಇನ್ನು ತಿನ್ನುವ ಕ್ರಮ. ಪದರಗಳ ನಡುವೆ ಕಸ್ಟರ್ಡು ತುಂಬಿದ, ಸಾವಿರ ಎಲೆ ಎಂಬ ಅರ್ಥದ ಮಿಲ್ಫಯ್ ನಮ್ಮ ಚಿರೋಟಿಯ ದೂರದ ನೆಂಟ: ಹಿಟ್ಟಿನ ನಡುವೆ ಬೆಣ್ಣೆ ಇಟ್ಟು ಮೂರು ಮಡಿಕೆಯಂತೆ 6 ಸಲ ಮಡಿಚಿದರೆ 729 ಪದರಗಳಾಗುತ್ತವೆ, ಒಲೆಯ ಬಿಸಿಗೆ ಹಿಟ್ಟಿನ ನೀರು ಆವಿಯಾಗಿ ಅವುಗಳನ್ನು ಎಬ್ಬಿಸುತ್ತದೆ. ಇದನ್ನು ಮೇಲಿನಿಂದ ಫೋರ್ಕಿನಲ್ಲಿ ಒತ್ತಿದರೆ ಪದರ ಮುರಿಯುವ ಮೊದಲೇ ಕಸ್ಟರ್ಡು ನಾಲ್ಕೂ ಕಡೆಗೆ ಉಕ್ಕಿ, ತಟ್ಟೆ ಕೆಸರಾಗುತ್ತದೆ. ತುಂಡನ್ನು ನಿಧಾನವಾಗಿ ಮಗ್ಗುಲಿಗೆ ಮಲಗಿಸಿ, ಹಲ್ಲಿನ ಚಾಕುವಿನಿಂದ ಪದರಗಳಿಗೆ ಅಡ್ಡಲಾಗಿ ಗರಗಸದಂತೆ ಎಳೆದು ಕೊಯ್ಯಿರಿ; ಒಂದೊಂದು ತುತ್ತಿನಲ್ಲಿಯೂ ಗರಿಗರಿ ಮತ್ತು ಕೆನೆ ಎರಡೂ ಬರುತ್ತವೆ. ಮೊಂಬ್ಲಾಂ ಎಂಬ ಕೇಕಿನ ಮೇಲೆ ಚೆಸ್ಟ್‌ನಟ್ ಎಂಬ ಕಾಯಿಯ ಹಿಟ್ಟನ್ನು ಶಾವಿಗೆ ಒತ್ತಿದಂತೆ ಎಳೆಎಳೆಯಾಗಿ ಸುರಿದಿರುತ್ತಾರೆ. ಅಡಿಯಲ್ಲಿ ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಡನೆ ಕಡೆದು ಬೇಯಿಸಿದ, ಗರಿಯಾದ ಮೆರಾಂಗ್ ಇದ್ದರೆ ಅದು ತೇವ ಹೀರಿ ಮೆತ್ತಗಾಗುವ ಮುನ್ನ, ಬಂದೊಡನೆ ತಿನ್ನಬೇಕು. ಜೊತೆಗೆ ಸಕ್ಕರೆಯಿಲ್ಲದ ಹಸಿರು ಚಹಾ ಅಥವಾ ಸಕ್ಕರೆ ಹಾಕದ ಫಿಲ್ಟರ್ ಕಾಫಿ ಕುಡಿಯಿರಿ. ಸಿಹಿ ಪಾನೀಯ ಕೇಕಿನ ಸವಿಯನ್ನು ನುಂಗಿಬಿಡುತ್ತದೆ.

ಹಣ್ಣಿನ ವಿಷಯದಲ್ಲಿ ಋತುವನ್ನು ನೋಡಿ. ಮಹಾಬಲೇಶ್ವರದ ಸ್ಟ್ರಾಬೆರಿ ಚಳಿಗಾಲದ್ದು, ಶಾರ್ಟ್‌ಕೇಕಿಗೆ ಅದೇ ಸಮಯ. ಮೇ ತಿಂಗಳಲ್ಲಿ ಶ್ರೀನಿವಾಸಪುರದ ಮಾವು ಮಾರುಕಟ್ಟೆಯಲ್ಲಿರುವಾಗ ಮಾವಿನ ಕೇಕನ್ನೇ ಕೇಳಬೇಕು.

ಮನೆಗೆ ತರುವುದಾದರೆ ಎಚ್ಚರ ಬೇಕು. ಒಂದು ಏಪ್ರಿಲಿನಲ್ಲಿ ನಾನು ಮಾವಿನ ಮೂಸನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟು, ನೆಲಮಂಗಲದ ಬಳಿ ಅರ್ಧ ಗಂಟೆ ವಾಹನಗಳ ಸಾಲಿನಲ್ಲಿ ನಿಂತೆ. ಮನೆಯಲ್ಲಿ ಡಬ್ಬಿ ತೆರೆದಾಗ ಒಳಗಿದ್ದದ್ದು ಸೀಕರಣೆ. ಸೀಟು ಹಿಂದಕ್ಕೆ ಇಳಿಜಾರಾಗಿರುವುದರಿಂದ ಕೇಕು ಓರೆಯಾಗಿ ಜಾರುತ್ತದೆ. ಡಬ್ಬಿಯನ್ನು ಕಾಲ ಕೆಳಗಿನ ಸಮತಟ್ಟಾದ ಜಾಗದಲ್ಲಿ, ಬಟ್ಟೆ ಸುತ್ತಿದ ಐಸ್ ಪ್ಯಾಕಿನ ಜೊತೆ ಥರ್ಮಕೋಲ್ ಪೆಟ್ಟಿಗೆಯಲ್ಲಿ ಇಡಬೇಕು. ಫ್ರಿಜ್ಜಿನಲ್ಲಿ ಸಾರು, ಈರುಳ್ಳಿಯ ಪಕ್ಕ ತೆರೆದಿಟ್ಟರೆ ಕೆನೆ ಆ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಬಿಗಿ ಮುಚ್ಚಳದ ಡಬ್ಬಿಯೇ ಆಗಬೇಕು. ಕೆನೆ ಕೇಕನ್ನು ತಣ್ಣಗಿರುವಾಗಲೇ, ಬೆಣ್ಣೆ ಕ್ರೀಮಿನದನ್ನು 20 ನಿಮಿಷ ಹೊರಗಿಟ್ಟು ಬಡಿಸಿ. ಕೊಯ್ಯುವ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದು ತುಂಡು ಕೊಯ್ದ ಮೇಲೆ ಮತ್ತೆ ಅದ್ದಿ ಒರೆಸುತ್ತ ಹೋದರೆ ಬಿಳಿ ಕೆನೆಯ ಗೋಡೆಗೆ ಸ್ಟ್ರಾಬೆರಿಯ ಕೆಂಪು ಹತ್ತುವುದಿಲ್ಲ.