ಸೈದ್ಧಾಂತಿಕ ಕಣಭೌತಶಾಸ್ತ್ರದಲ್ಲಿ ವೃತ್ತಿ ಕಟ್ಟಿಕೊಳ್ಳುವ ಬಗೆ

ಎಂ.ಎಸ್‌ಸಿ. ಓದುವಾಗಲೇ ಕ್ವಾಂಟಂ ಕ್ಷೇತ್ರ ಸಿದ್ಧಾಂತದ (ಕಣಗಳನ್ನು ಕ್ಷೇತ್ರಗಳ ಕಂಪನಗಳೆಂದು ವಿವರಿಸುವ ಸಿದ್ಧಾಂತ) ಲೆಕ್ಕಗಳನ್ನು ಕೈಯಾರೆ ಮಾಡಿ ರೂಢಿಸಿಕೊಳ್ಳಿ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯಾಗಿ ಮ್ಯೂಆನ್ (ಎಲೆಕ್ಟ್ರಾನ್ ಬಗೆಯದೇ ಆದ, ಹೆಚ್ಚು ಭಾರದ ಕಣ) ಜೋಡಿ ಹುಟ್ಟುವ ಪ್ರಕ್ರಿಯೆಗೆ ಫೈನ್‌ಮನ್ ಚಿತ್ರ (ಕಣಗಳ ಕ್ರಿಯೆಯನ್ನು ಗೆರೆಗಳಲ್ಲಿ ತೋರಿಸುವ ಚಿತ್ರ) ಬರೆದು, ಒಂದು ಚಿಹ್ನೆಯೂ ತಪ್ಪದಂತೆ ಉತ್ತರ ಪಡೆಯಲು ಬರುವವರೆಗೆ ಮುಂದಿನ ಅಧ್ಯಾಯಕ್ಕೆ ಹೋಗಬೇಡಿ.

ಪಿಎಚ್.ಡಿ. ಪ್ರವೇಶಕ್ಕೆ ಜೆಸ್ಟ್, ಗೇಟ್, ನೆಟ್ ಮುಂತಾದ ರಾಷ್ಟ್ರಮಟ್ಟದ ಪರೀಕ್ಷೆಗಳಲ್ಲಿ ಆಯಾ ಸಂಸ್ಥೆ ಒಪ್ಪುವುದನ್ನು ಬರೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈಯ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಮುಂತಾದೆಡೆ ಸಂದರ್ಶನ ಎದುರಿಸಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರ ಆಯ್ಕೆಯೇ ಮುಖ್ಯ. ಅವರ ಹಿಂದಿನ ವಿದ್ಯಾರ್ಥಿಗಳೊಡನೆ ಮಾತನಾಡಿದ ನಂತರವೇ ಒಪ್ಪಿಕೊಳ್ಳಿ.

ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಅರ್ಜಿಗಳ ಕಾಲ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇರುವುದರಿಂದ, ಸಂಶೋಧನಾ ಪ್ರಬಂಧಗಳನ್ನು ಅದಕ್ಕೂ ಮೊದಲೇ ಆರ್ಕೈವ್‌ಗೆ (arXiv, ಪ್ರಬಂಧಗಳನ್ನು ಎಲ್ಲರಿಗೂ ಉಚಿತವಾಗಿ ಒದಗಿಸುವ ಜಾಲತಾಣ) ಸೇರಿಸಿ. ಈ ಕ್ಷೇತ್ರದಲ್ಲಿ ಲೇಖಕರ ಹೆಸರುಗಳನ್ನು ಬಹುತೇಕ ಅಕ್ಷರಾನುಕ್ರಮದಲ್ಲಿ ಕೊಡುವ ಕಾರಣ ಯಾರ ಪಾಲು ಎಷ್ಟೆಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಅದನ್ನು ಹೇಳುವುದು ಶಿಫಾರಸು ಪತ್ರಗಳು. ಆದ್ದರಿಂದ ಪತ್ರ ಬರೆಯುವವರಿಗೆ, ಪ್ರತಿಯೊಂದು ಪ್ರಬಂಧದಲ್ಲಿ ಯಾವ ಲೆಕ್ಕ ನಿಮ್ಮದು ಎಂಬುದನ್ನು ಒಂದೇ ಪುಟದಲ್ಲಿ ಬರೆದು, ಕನಿಷ್ಠ ಒಂದು ತಿಂಗಳು ಮುಂಚೆ ಕೊಡಿ. ಎರಡು ಮೂರು ವರ್ಷಗಳ ಪೋಸ್ಟ್‌ಡಾಕ್ ಹುದ್ದೆಗಳನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಗಿಸಿದ ಮೇಲೆಯೇ ಅನೇಕರಿಗೆ ಅಧ್ಯಾಪಕ ಹುದ್ದೆ ಸಿಗುತ್ತದೆ. ಇವುಗಳಿಗಾಗಿ ದೇಶ ಬದಲಿಸುವ ವಿಚಾರವನ್ನು ಮನೆಯವರೊಡನೆ ಮೊದಲೇ ಮಾತನಾಡಿಕೊಳ್ಳಿ.