ಕೆಂಪು ಕಲ್ಲಿನ ಕೊರಕಲಲ್ಲಿ ಎರಡು ರಾತ್ರಿ: ತಯಾರಿ ಹೇಗೆ?

ಅಮೆರಿಕದ ಯೂಟಾ, ಅರಿಜೋನಾ ರಾಜ್ಯಗಳ ಮರಳುಗಲ್ಲಿನ ನಾಡಿಗೆ ಚಾರಣ ಹೊರಟವರು ಮೊದಲು ಶೂ, ಬ್ಯಾಗು, ಟೆಂಟ್ ನೋಡುತ್ತಾರೆ. ನೋಡಬೇಕಾದ್ದು ನೀರನ್ನು. ಇಲ್ಲಿ ನೀರು ಸಿಗದೆ ಸತ್ತವರಿದ್ದಾರೆ, ನೀರು ನುಗ್ಗಿ ಸತ್ತವರೂ ಇದ್ದಾರೆ.

ತಿಂಗಳು ಆರಿಸುವುದು ಮೊದಲ ಕೆಲಸ. ಏಪ್ರಿಲ್, ಮೇ ಒಳ್ಳೆಯದು, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಅಲ್ಲಿನ ನಡು ಬೇಸಿಗೆಯಲ್ಲಿ, ಅಂದರೆ ಜೂನ್, ಜುಲೈಯಲ್ಲಿ, 38 ಡಿಗ್ರಿ ದಾಟುವುದು ಮಾಮೂಲು. ಹಗಲಿಗೂ ರಾತ್ರಿಗೂ 20 ಡಿಗ್ರಿ ವ್ಯತ್ಯಾಸವಾಗುವುದುಂಟು, ಹಾಗಾಗಿ ಮರುಭೂಮಿ ತಾನೇ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ.

ಆಮೇಲೆ ಪರ್ಮಿಟ್. ಗ್ರ್ಯಾಂಡ್ ಕ್ಯಾನ್ಯನ್ ಅಥವಾ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಒಳಗೆ ನಡೆದು ಹೋಗಿ ರಾತ್ರಿ ತಂಗಲು ಅದು ಬೇಕೇ ಬೇಕು. ಯಾವ ದಾರಿ, ಯಾವತ್ತು ವಾಪಸ್ ಅಂತ ಮನೆಯವರಿಗೆ ಬರೆದು ಕೊಡಿ. ಒಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. 2003ರಲ್ಲಿ ಯೂಟಾದ ಬ್ಲೂಜಾನ್ ಕೊರಕಲಿನಲ್ಲಿ ಬಂಡೆಗೆ ಕೈ ಸಿಕ್ಕಿಕೊಂಡ ಆರನ್ ರಾಲ್ಸ್ಟನ್ ಐದು ದಿನ ಒದ್ದಾಡಿ, ಕೊನೆಗೆ ಆ ಕೈಯನ್ನೇ ಕತ್ತರಿಸಿಕೊಂಡು ಹೊರಬಂದರು. ಅವರು ಎಲ್ಲಿಗೆ ಹೋಗಿದ್ದಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಈಗ ನೀರು. ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ. ಮೂರು ದಿನಕ್ಕೆ 12 ಕೆಜಿ ಬೆನ್ನ ಮೇಲೆ! ಅದಕ್ಕೇ ಜನ ದಾರಿಯ ಊಟೆಗಳನ್ನು ನಂಬುತ್ತಾರೆ. ಆದರೆ ನಕ್ಷೆಯಲ್ಲಿರುವ ಊಟೆ ಬತ್ತಿರಬಹುದು. ಹೊರಡುವ ದಿನ ರೇಂಜರ್‌ಗಳನ್ನೇ ಕೇಳಿ. ಸಿಕ್ಕ ನೀರು ಹಲವು ಕಡೆ ಚಹಾದ ಬಣ್ಣಕ್ಕಿರುತ್ತದೆ. ಅದನ್ನು ನೇರ ಫಿಲ್ಟರ್‌ಗೆ ಹಾಕಿದರೆ ಎರಡು ಲೀಟರ್‌ಗೇ ಕಟ್ಟಿಕೊಳ್ಳಬಹುದು. ಮಡಚುವ ಬಕೆಟ್ ಒಂದಿರಲಿ. ರಾತ್ರಿ ತುಂಬಿಟ್ಟು ಅಲ್ಲಾಡಿಸದೆ ಬಿಟ್ಟರೆ ಬೆಳಗ್ಗೆ ತಳದಲ್ಲಿ ಬೆರಳು ದಪ್ಪ ಕೆಸರು, ಮೇಲೆ ತಿಳಿನೀರು. ತಿಳಿಯನ್ನಷ್ಟೇ ಮೆಲ್ಲಗೆ ಬಗ್ಗಿಸಿ ಫಿಲ್ಟರ್ ಮಾಡಿ. ಜೊತೆಗೆ ಉಪ್ಪಿನ ತಿಂಡಿ ತಿನ್ನುತ್ತಿರಿ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ.

ಬಿಸಿಲಿನಲ್ಲಿ ಶೌರ್ಯ ತೋರಿಸಬೇಡಿ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ನೆರಳಲ್ಲಿ ಕೂರಿ ಎಂದು ಗ್ರ್ಯಾಂಡ್ ಕ್ಯಾನ್ಯನ್ ರೇಂಜರ್‌ಗಳು ಹೇಳುತ್ತಾರೆ. ಬೆಟ್ಟ ಹತ್ತಿದಂತಲ್ಲ ಇದು. ಇಲ್ಲಿ ಇಳಿಯುವುದು ಮೊದಲು, ಸುಸ್ತಾದ ಮೇಲೆ ಹತ್ತುವುದು. ಇಳಿದ ಸಮಯದ ಎರಡು ಪಟ್ಟು ಹತ್ತಲು ಬೇಕು.

ಇನ್ನು ಇನ್ನೊಂದು ನೀರು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗುಡುಗು ಮಳೆಯ ಕಾಲ. ಬರಿಗಲ್ಲಿನ ನೆಲ ಮಳೆಯನ್ನು ಕುಡಿಯುವುದಿಲ್ಲ, ಎಲ್ಲ ಒಮ್ಮೆಗೇ ಕೊರಕಲಿಗೆ ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಅರಿಜೋನಾದ ಆಂಟಲೋಪ್ ಕ್ಯಾನ್ಯನ್ನಿನಲ್ಲಿ 11 ಜನ ಕೊಚ್ಚಿಹೋದರು. ಮಳೆ ಸುರಿದದ್ದು ಅಲ್ಲಲ್ಲ, ಎಷ್ಟೋ ಕಿಲೋಮೀಟರ್ ಮೇಲೆ. ಇಕ್ಕಟ್ಟಿನ ಕೊರಕಲಿನಲ್ಲಿ ಒಮ್ಮೆ ತಲೆ ಎತ್ತಿ ನೋಡಿ. ಎರಡು ಆಳೆತ್ತರದಲ್ಲಿ ಗೋಡೆಗಳ ನಡುವೆ ಮರದ ದಿಮ್ಮಿ ಅಡ್ಡ ಸಿಕ್ಕಿಕೊಂಡಿದ್ದರೆ, ಅದನ್ನು ಅಲ್ಲಿಟ್ಟದ್ದು ಪ್ರವಾಹವೇ. ಮೇಲ್ಗಡೆ ಎಲ್ಲೇ ಮೋಡ ಕಟ್ಟಿದ್ದರೂ ಒಳಗೆ ಹೋಗಬೇಡಿ. ಹರಿವು ಇದ್ದಕ್ಕಿದ್ದಂತೆ ಕೆಂಪಾದರೆ, ಕಡ್ಡಿಕಸ ತೇಲಿಬಂದರೆ, ಬ್ಯಾಗಿನ ಆಸೆ ಬಿಟ್ಟು ಮೇಲೆ ಹತ್ತಿ.

ಟೆಂಟ್‌ಗೂ ಇದೇ ಲೆಕ್ಕ. ತಳದ ಮರಳು ಮೆತ್ತಗಿರುತ್ತದೆ, ನಿಜ. ಮಲಗುವುದು ಮಾತ್ರ ಎತ್ತರದ ಜಗಲಿಯ ಮೇಲೆ. ಕಲ್ಲಿನಲ್ಲಿ ಗೂಟ ಇಳಿಯುವುದಿಲ್ಲ, ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ. ಅಲ್ಲಲ್ಲಿ ಕಪ್ಪಗೆ ಉಬ್ಬುಬ್ಬಾಗಿ ಕಾಣುವ ನೆಲ ಸುಮ್ನೆ ಮಣ್ಣಲ್ಲ. ಸೂಕ್ಷ್ಮಜೀವಿಗಳು ಹೆಣೆದ ಜೀವಂತ ಪದರ, ಮರಳನ್ನು ಹಿಡಿದಿಡುವುದೇ ಅದು. ಒಂದು ಹೆಜ್ಜೆಗೆ ಮುರಿದದ್ದು ಮತ್ತೆ ಬೆಳೆಯಲು ದಶಕಗಳು ಬೇಕು. ಬಂಡೆ ಅಥವಾ ಒಣ ಹಳ್ಳದ ಮರಳಿನ ಮೇಲಷ್ಟೇ ನಡೆಯಿರಿ.

ಸೌದೆ ಒಲೆ ಬೇಡ, ಸಣ್ಣ ಗ್ಯಾಸ್ ಸ್ಟೌ ಸಾಕು. ಮಲವನ್ನೂ ಚೀಲದಲ್ಲಿ ಹೊತ್ತು ತರಬೇಕು ಎಂಬ ನಿಯಮ ಹಲವು ಕೊರಕಲುಗಳಲ್ಲಿದೆ. ಕೇಳಲು ಅಸಹ್ಯ ಅಲ್ವಾ? ಒಣ ನೆಲದಲ್ಲಿ ಹೂತದ್ದು ಕೊಳೆಯುವುದೇ ಇಲ್ಲ ಎನ್ನುವಷ್ಟು ನಿಧಾನ, ಅದಕ್ಕೇ.

ಬೆಳಗ್ಗೆ ಶೂ ಹಾಕುವ ಮುಂಚೆ ತಲೆಕೆಳಗು ಮಾಡಿ ಜೋರಾಗಿ ಕೊಡವಿ. ಒಳಗೆ ಬೆಚ್ಚಗೆ ಚೇಳು ಮಲಗಿರಬಹುದು.