ಮೊದಲು ಕೈ ಎಣಿಸಿ, ಆಮೇಲೆ ಸೆಕೆಂಡು

ಮಗು ಸ್ಪರ್ಧೆಗೆ ಈಜತೊಡಗಿದ ಕೂಡಲೇ ಅಪ್ಪ ಅಮ್ಮ ಕಟ್ಟೆ ಮೇಲೆ ಕೂತು ಮೊಬೈಲ್‌ನಲ್ಲಿ ಟೈಮ್ ಹಿಡಿಯಲು ಶುರು ಮಾಡುತ್ತಾರೆ. ಮೈಸೂರಿನ ಕೊಳಗಳಲ್ಲಿ ಕೋಚ್‌ಗಳಾಗಿಯೂ ಪೋಷಕರಾಗಿಯೂ ಇರುವ ನಾವು ಈ ಅಭ್ಯಾಸವನ್ನು ಮೊದಲು ಬಿಡಿಸುತ್ತೇವೆ. ಕೈಯಲ್ಲಿ ಹಿಡಿದ ಟೈಮು ಎಲೆಕ್ಟ್ರಾನಿಕ್ ಟೈಮಿಗಿಂತ ಸಾಮಾನ್ಯವಾಗಿ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ಕಡಿಮೆ ಬರುತ್ತದೆ, ಏಕೆಂದರೆ ಶಬ್ದ ಕೇಳಿ ಬೆರಳು ಒತ್ತುವಷ್ಟರಲ್ಲಿ ಮಗು ಹೊರಟಾಗಿರುತ್ತದೆ. ಗೋಡೆಯಿಂದ ತಳ್ಳಿ ಹೊರಟ ಟೈಮಿಗೂ ಕೊಳದಂಚಿನ ಎತ್ತರದ ಬ್ಲಾಕ್‌ನಿಂದ ಧುಮುಕಿದ ಟೈಮಿಗೂ ಮಕ್ಕಳಲ್ಲಿ ಒಂದು ಸೆಕೆಂಡಿನ ಆಸುಪಾಸು ಅಂತರ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆದಿಟ್ಟುಕೊಂಡು ‘ಹೋದ ವಾರ ಚೆನ್ನಾಗಿತ್ತು, ಈ ವಾರ ಯಾಕೆ ಹೀಗಾಯ್ತು?’ ಎಂದು ಕೇಳಿದರೆ ಮಗುವಿನ ಹತ್ತಿರವೂ ಉತ್ತರ ಇರುವುದಿಲ್ಲ, ಕೋಚ್ ಹತ್ತಿರವೂ ಇರುವುದಿಲ್ಲ.

ಎಣಿಸಲೇಬೇಕು ಅನ್ನಿಸಿದರೆ ಕೈ ಎಣಿಸಿ. ಹತ್ತು–ಹನ್ನೊಂದರ ಮಗು ಫ್ರೀಸ್ಟೈಲ್‌ನಲ್ಲಿ 25 ಮೀಟರಿಗೆ ಎರಡೂ ಕೈ ಸೇರಿ ಸುಮಾರು 22ರಿಂದ 26 ಸಲ ಕೈ ಹಾಕುತ್ತದೆ. ಆರಾಮದ ವೇಗದಲ್ಲಿ ಮೂರು ಸಲ ಈಜಿಸಿ ಸರಾಸರಿ ಬರೆದಿಡಿ. ಆಮೇಲೆ ಟೈಮು ಮತ್ತು ಕೈ ಎರಡನ್ನೂ ಕೂಡಿ: 20 ಸೆಕೆಂಡು, 24 ಕೈ, ಒಟ್ಟು 44. ಟೈಮು 19ಕ್ಕೆ ಇಳಿದು ಕೈ 29ಕ್ಕೆ ಏರಿದರೆ ಮೊತ್ತ 48. ಮಗು ನೀರು ಹಿಡಿಯದೆ ಬರೀ ಕೈ ಬೀಸಿ ಒಂದು ಸೆಕೆಂಡು ಗಳಿಸಿದೆ ಎಂದರ್ಥ. 50 ಮೀಟರ್ ರೇಸಿನಲ್ಲಿ ಇದು ನಡೆದೀತು, 100ರಲ್ಲಿ ಕೊನೆಯ 30 ಮೀಟರಿಗೆ ಭುಜ ಕಲ್ಲಾಗುತ್ತದೆ. ಮೊತ್ತ ಇಳಿಯುತ್ತಿದ್ದರೆ ಟೈಮು ಇನ್ನೆರಡು ತಿಂಗಳು ನಿಂತಲ್ಲೇ ನಿಂತರೂ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಲೆಕ್ಕವನ್ನು ಒಂದು ಮಗುವಿನ ಇಂದು–ನಿನ್ನೆಗಳ ನಡುವೆ ಮಾತ್ರ ಹೋಲಿಸಬೇಕು. ಎತ್ತರದ ಮಗುವಿಗೆ ಕೈ ಕಡಿಮೆ ಬೀಳುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

ಕೊಳದ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಕೊಳದಲ್ಲಿ 50 ಮೀಟರ್ ಈಜುವ ಮಗುವಿಗೂ ಬಡಾವಣೆಯ ಕ್ಲಬ್ಬಿನ 25 ಮೀಟರ್ ಕೊಳದಲ್ಲಿ ಈಜುವ ಮಗುವಿಗೂ ಬೇರೆ ಬೇರೆ ಕೊರತೆ. ಸಣ್ಣ ಕೊಳದಲ್ಲಿ 400 ಮೀಟರಿಗೆ 15 ಟರ್ನ್, ಉದ್ದ ಕೊಳದಲ್ಲಿ 7. ಪ್ರತಿ ಟರ್ನ್‌ನಲ್ಲೂ ಗೋಡೆ ತಳ್ಳಿ ಒಂದಿಷ್ಟು ದೂರ ಬಿಟ್ಟಿ ಸಿಗುತ್ತದೆ, ಕೈಗೆ ಒಂದು ಕ್ಷಣ ಬಿಡುವೂ ಆಗುತ್ತದೆ. ಅದೇ ಅಭ್ಯಾಸವಾದವರು ಉದ್ದ ಕೊಳಕ್ಕೆ ಬಂದರೆ 35 ಮೀಟರ್ ದಾಟಿದ ಮೇಲೆ ಕುಸಿಯುತ್ತಾರೆ. ಉದ್ದ ಕೊಳದಲ್ಲೇ ಬೆಳೆದವರ ಟರ್ನ್ ಸೋಮಾರಿಯಾಗಿರುತ್ತದೆ. ಅದಕ್ಕೇ ಉದ್ದ ಕೊಳದವರಿಗೆ ವಾರಕ್ಕೆರಡು ದಿನ ಗೋಡೆ ಮುಂದೆ ಹತ್ತು ನಿಮಿಷ ಬರೀ ಟರ್ನ್: ಹತ್ತು ಮೀಟರ್ ದೂರದಿಂದ ಬಂದು, ತಿರುಗಿ, ತಳ್ಳಿ, ಹತ್ತು ಮೀಟರ್ ಹೊರಗೆ.

ಹತ್ತು–ಹನ್ನೊಂದರ ಗುಂಪಿಗೆ ಒಂದು ಗಂಟೆಯಲ್ಲಿ ನಾವು ಮಾಡಿಸುವುದು 1200 ಮೀಟರ್. ಮೊದಲು 200 ಸಲೀಸಾಗಿ. ಆಮೇಲೆ ನಾಲ್ಕು 50, ಪ್ರತಿಯೊಂದರಲ್ಲೂ ಅರ್ಧ ಡ್ರಿಲ್ (ಒಂದೊಂದೇ ಚಲನೆ ತಿದ್ದುವ ಈಜು), ಅರ್ಧ ಸಾದಾ ಈಜು. ಮುಂದೆ ಆರು 50, ಒಂದೂವರೆ ನಿಮಿಷಕ್ಕೊಂದರಂತೆ. ಇಲ್ಲಿ ಆರನೆಯದೂ ಮೊದಲನೆಯದರಷ್ಟೇ ಕೈಗಳಲ್ಲಿ ಮುಗಿಯಬೇಕು, ಮೂರಕ್ಕಿಂತ ಹೆಚ್ಚು ಏರಿದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಕಿಕ್ ಬೋರ್ಡ್ ಹಿಡಿದು ನಾಲ್ಕು 50. ಧುಮುಕಿ 15 ಮೀಟರ್ ಜೋರು, ಉಳಿದ 35 ಸಲೀಸು, ಹೀಗೆ ನಾಲ್ಕು ಸಲ. ಕೊನೆಗೆ 100 ನಿಧಾನ. ‘ಇಷ್ಟೇನಾ ಸರ್? ಬೆಂಗಳೂರಲ್ಲಿ ನಾಲ್ಕು ಸಾವಿರ ಮೀಟರ್ ಮಾಡಿಸ್ತಾರಂತೆ’ ಎನ್ನುವವರು ಇದ್ದೇ ಇರುತ್ತಾರೆ. ಕೆಟ್ಟ ಕೈಯನ್ನು ನಾಲ್ಕು ಸಾವಿರ ಮೀಟರ್ ಉರು ಹೊಡೆಸಿದರೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ, ಹದಿನಾಲ್ಕಕ್ಕೆ ಬಿಡಿಸಲು ವರ್ಷ ಹಿಡಿಯುತ್ತದೆ. ಹನ್ನೆರಡು ದಾಟುವವರೆಗೆ ಕೈಗೆ ಪ್ಯಾಡಲ್ (ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ಹಲಗೆ) ಕೊಡುವುದಿಲ್ಲ. ಧುಮುಕುವುದು ಆಳದ ತುದಿಯಿಂದ ಮಾತ್ರ. ಸ್ಟಾರ್ಟಿಂಗ್ ಬ್ಲಾಕ್ ಇರುವ ಕಡೆ ಅಂತರರಾಷ್ಟ್ರೀಯ ನಿಯಮ ಕೇಳುವ ಕನಿಷ್ಠ ಆಳ 1.35 ಮೀಟರ್, ಅದೂ ಧುಮುಕಲು ಬರುವವರಿಗೆ. ಕಲಿಯುವ ಮಗು ನೇರ ಕೆಳಕ್ಕೆ ಇಳಿಯುತ್ತದೆ, ಅದಕ್ಕೆ ಇನ್ನೂ ಆಳ ಬೇಕು.

ಒಂದು ಆಟವನ್ನು ಕಂಡ ಕೂಡಲೇ ನಿಲ್ಲಿಸಬೇಕು. ಯಾರು ಹೆಚ್ಚು ಹೊತ್ತು ಉಸಿರು ಕಟ್ಟುತ್ತಾರೆ ಎಂಬ ಪಂದ್ಯ. ಜೋರಾಗಿ ಹತ್ತಾರು ಸಲ ಉಸಿರೆಳೆದು ಮುಳುಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ‘ಉಸಿರು ಬೇಕು’ ಎಂದು ಮೈ ಹೇಳುವುದು ಅದು ಏರಿದಾಗ. ಆ ಎಚ್ಚರಿಕೆ ಬರುವ ಮುಂಚೆಯೇ ಆಮ್ಲಜನಕ ಸಾಲದೆ ಮಗು ನೀರೊಳಗೆ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರಿಗೇ ಈ ಅಪಾಯ ಹೆಚ್ಚು.

ನೀರಿನ ಹೊರಗಿನದೆಲ್ಲ ಮನೆಯವರ ಪಾಲು, ಅದರಲ್ಲಿ ನಿದ್ದೆಯೇ ದೊಡ್ಡದು. ಹನ್ನೊಂದರ ಮಗುವಿಗೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಐದೂವರೆಗೆ ನೀರಿಗಿಳಿಯಬೇಕಾದರೆ ಐದಕ್ಕೆ ಮುಂಚೆ ಏಳಬೇಕು, ಅಂದರೆ ಎಂಟಕ್ಕೆ ಮಲಗಿರಬೇಕು. ಏಳೂವರೆಗೆ ಟ್ಯೂಷನ್ ಮುಗಿಸಿ ಬರುವ ಮಗುವಿಗೆ ಇದು ಆಗದ ಮಾತು. ಆದ್ದರಿಂದ ಹನ್ನೆರಡರ ಕೆಳಗಿನವರಿಗೆ ವಾರಕ್ಕೆ ಆರು ಬೆಳಗಿನ ಬದಲು ಎರಡು ಬೆಳಗು, ಮೂರು ಸಂಜೆ ಇಡುತ್ತೇವೆ. ರಾತ್ರಿ ಹತ್ತಕ್ಕೆ ಮಲಗಿದ ಮಗುವನ್ನು ಎಬ್ಬಿಸಿ ತರುವುದಕ್ಕಿಂತ ಆವತ್ತು ಮಲಗಲು ಬಿಡುವುದು ಒಳ್ಳೆಯದು, ಕೋಚ್‌ಗೆ ಒಂದು ಮೆಸೇಜ್ ಹಾಕಿದರೆ ಸಾಕು.

ಊಟಕ್ಕೆ ಡಬ್ಬದ ಪೌಡರ್ ಬೇಕಿಲ್ಲ. 35 ಕಿಲೋ ತೂಗುವ ಮಗುವಿಗೆ ದಿನಕ್ಕೆ 45ರಿಂದ 50 ಗ್ರಾಂ ಪ್ರೋಟೀನ್ ಸಿಕ್ಕರೆ ಆಯಿತು. ಎರಡು ಲೋಟ ಹಾಲಿನಿಂದ 12 ಗ್ರಾಂ, ಎರಡು ಮೊಟ್ಟೆಯಿಂದ 12, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7, ಉಳಿದದ್ದು ಬೇಳೆ, ಕಾಳು, ರಾಗಿ, ಅಕ್ಕಿಯಿಂದ. ಮೊಟ್ಟೆ ತಿನ್ನದ ಮನೆಯಲ್ಲಿ 60 ಗ್ರಾಂ ಪನೀರ್ ಹೆಚ್ಚುಕಮ್ಮಿ ಅಷ್ಟನ್ನೇ ಕೊಡುತ್ತದೆ. ತಪ್ಪುವುದು ಎಲ್ಲಿ ಅಂದರೆ, ತಿಳಿಸಾರು ಹಾಕಿಕೊಂಡು ಅನ್ನ ಉಂಡದ್ದನ್ನು ಬೇಳೆ ತಿಂದ ಲೆಕ್ಕಕ್ಕೆ ಸೇರಿಸುತ್ತೇವೆ. ಸಾರಿನಲ್ಲಿ ಬೇಳೆ ಸೌಟಿನ ತಳದಲ್ಲಿರುತ್ತದೆ. ಬಸ್ಸಾರು ಮಾಡಿದ ದಿನ ಬಸಿದ ಕಾಳಿನ ಪಲ್ಯವನ್ನೇ ಮಗುವಿಗೆ ಹೆಚ್ಚು ಬಡಿಸಿ, ಸಾರು ದೊಡ್ಡವರಿಗೆ ಇರಲಿ. ಬೆಳಗಿನ ಅಭ್ಯಾಸಕ್ಕೆ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು, ಎರಡು ಖರ್ಜೂರ, ಅರ್ಧ ಲೋಟ ನೀರು ಸಾಕು. ಮುಗಿದ ಮುಕ್ಕಾಲು ಗಂಟೆಯೊಳಗೆ ಇಡ್ಲಿ, ಮೊಟ್ಟೆ ಅಥವಾ ಹಾಲು. ಸ್ಕೂಲಿಗೆ ಹೊತ್ತಾಗುತ್ತದೆಂದು ಇದನ್ನು ಬಿಟ್ಟರೆ ಸಂಜೆ ಮಗು ಸಿಡುಕುವುದು ಅದಕ್ಕೇ. ನೀರೊಳಗೂ ಬೆವರುತ್ತಾರೆ, ಕಾಣುವುದಿಲ್ಲ ಅಷ್ಟೆ. ಬಾಟಲಿ ಲೇನಿನ ತುದಿಯಲ್ಲೇ ಇರಬೇಕು.

ಹನ್ನೊಂದು ದಾಟಿದ ಹುಡುಗಿಯರು, ಹದಿಮೂರು ದಾಟಿದ ಹುಡುಗರು ಒಮ್ಮೆಗೇ ಉದ್ದವಾಗುತ್ತಾರೆ. ಬಾಗಿಲ ಚೌಕಟ್ಟಿಗೆ ಮೂರು ತಿಂಗಳಿಗೊಮ್ಮೆ ಪೆನ್ಸಿಲ್ ಗೆರೆ ಎಳೆದು ನಮಗೆ ತಿಳಿಸಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಿದ್ದರೆ ದೂರ ಕಡಿಮೆ ಮಾಡಿ ಡ್ರಿಲ್ ಹೆಚ್ಚಿಸುತ್ತೇವೆ. ಮೂಳೆ ಮುಂದೆ ಓಡಿರುತ್ತದೆ, ಸ್ನಾಯು ಹಿಂದೆ ಬರುತ್ತಿರುತ್ತದೆ, ನಿನ್ನೆವರೆಗೆ ಬರುತ್ತಿದ್ದ ಬಟರ್‌ಫ್ಲೈ ಇವತ್ತು ಬರುವುದಿಲ್ಲ. ಭುಜದ ನೋವು ಹೆಚ್ಚಾಗಿ ಶುರುವಾಗುವುದೂ ಈಗಲೇ. ಸ್ಕೂಲ್ ಬ್ಯಾಗ್ ಎತ್ತುವಾಗ ಚುಚ್ಚುವುದು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿರುವುದು, ಒಂದು ಕೈ ಮಾತ್ರ ಅಗಲವಾಗಿ ನೀರಿಗೆ ಬೀಳುವುದು, ಈ ಮೂರರಲ್ಲಿ ಒಂದು ಕಂಡರೂ ಅವತ್ತೇ ಹೇಳಬೇಕು. ದಿನವೂ ನೀರಿಗಿಳಿಯುವ ಮುಂಚೆ ಮೊಣಕೈ ಸೊಂಟಕ್ಕಂಟಿಸಿ ಹೊರಕ್ಕೆ ಎಳೆಯುವ ವ್ಯಾಯಾಮ 15 ಸಲ, ಎರಡು ಸುತ್ತು. ಇದಕ್ಕೆ ರಬ್ಬರ್ ಬ್ಯಾಂಡ್ ಕೊಳ್ಳಬೇಕಿಲ್ಲ, ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ ಕತ್ತರಿಸಿಕೊಳ್ಳಿ. ಬ್ರೆಸ್ಟ್‌ಸ್ಟ್ರೋಕ್ ಮಕ್ಕಳಿಗೆ ಮಂಡಿಯ ಒಳಬದಿ ನೋಯುತ್ತದೆ, ಅವರಿಗೆ ಕಿಕ್ ದೂರ ಅರ್ಧಕ್ಕಿಳಿಸಿ.

ಹುಡುಗಿಯರ ಮುಟ್ಟಿನ ದಿನಗಳ ಬಗ್ಗೆ ಕೋಚ್ ಮತ್ತು ತಾಯಿ ಮೊದಲೇ ಮಾತಾಡಿಕೊಂಡಿರಬೇಕು. ಆ ದಿನ ಈಜುವುದೋ, ನೆಲದ ವ್ಯಾಯಾಮವೋ, ರಜೆಯೋ ಎಂಬುದು ಅವಳ ತೀರ್ಮಾನ, ಯಾರಿಗೂ ಕಾರಣ ಹೇಳಬೇಕಿಲ್ಲ. ನಿದ್ದೆ, ಊಟ ಸರಿಯಿದ್ದೂ ಮೂರ್ನಾಲ್ಕು ವಾರ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ಪರೀಕ್ಷಿಸಲು ಡಾಕ್ಟರನ್ನು ಕೇಳಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ದೊಡ್ಡವರು ಇರಕೂಡದು. ಕೋಚ್‌ನ ಮೆಸೇಜ್ ಪೋಷಕರ ಫೋನಿಗೆ ಬರಬೇಕು, ಮಗುವಿನ ಫೋನಿಗೆ ಅಲ್ಲ. ಇದಕ್ಕೆ ಒಪ್ಪದ ಕೋಚ್ ಎಷ್ಟೇ ಪದಕ ತರಿಸಿರಲಿ, ಬೇಡ.

ನೀರು ನೋಡಿ ಇಳಿಸಿ. ಆಳದ ತುದಿಯ ಕಪ್ಪು ಗೆರೆ ಮೇಲಿಂದ ಸ್ಪಷ್ಟ ಕಾಣದಿದ್ದರೆ ಆವತ್ತು ಈಜು ಬೇಡ. ಮೂಗಿಗೆ ಹೊಡೆಯುವ ವಾಸನೆ ಕ್ಲೋರಿನ್ ಹೆಚ್ಚಾದ ಗುರುತು ಎಂದು ಎಲ್ಲರೂ ತಿಳಿದಿದ್ದಾರೆ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ನ ವಾಸನೆ ಅದು, ಸ್ನಾನ ಮಾಡಿ ಇಳಿದರೆ ಕಡಿಮೆಯಾಗುತ್ತದೆ. ಕೊಬ್ಬರಿ ಎಣ್ಣೆ ಈಜಿನ ನಂತರ ಹಚ್ಚಿ, ಮುಂಚೆ ಹಚ್ಚಿದರೆ ನೀರಿನ ಮೇಲೆ ತೇಲಿ ಎಲ್ಲರ ಗಾಗಲ್ಸ್‌ಗೂ ಅಂಟುತ್ತದೆ. ಕಿವಿಗೆ ಹತ್ತಿ ಕಡ್ಡಿ ಹಾಕಬೇಡಿ, ತಲೆ ವಾಲಿಸಿ ನೀರು ಇಳಿಸಿ ಟವೆಲ್‌ನಿಂದ ಒರೆಸಿದರೆ ಸಾಕು. ಗುಡುಗು ಕೇಳಿದರೆ ಎಲ್ಲರೂ ಹೊರಗೆ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಬೇಕು. ಮೈಸೂರಿನ ಏಪ್ರಿಲ್–ಮೇ ಸಂಜೆಗಳಲ್ಲಿ ಇದು ಮಾಮೂಲು.

ಕೂಟದಲ್ಲಿ ಮಕ್ಕಳು ಸೋಲುವುದಕ್ಕಿಂತ ಡಿಸ್‌ಕ್ವಾಲಿಫೈ ಆಗಿ ಅಳುವುದೇ ಹೆಚ್ಚು. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಎರಡರಲ್ಲೂ ಗೋಡೆಯನ್ನು ಎರಡೂ ಕೈಗಳಿಂದ, ಒಂದರ ಮೇಲೊಂದು ಇಡದೆ, ಏಕಕಾಲಕ್ಕೆ ಮುಟ್ಟಬೇಕು. ಅಭ್ಯಾಸದಲ್ಲಿ ಸುಸ್ತಾದಾಗ ಒಂದು ಕೈ ಮುಟ್ಟಿ ತಿರುಗುವುದನ್ನು ಬಿಟ್ಟುಕೊಟ್ಟರೆ ರೇಸಿನಲ್ಲೂ ಅದೇ ಬರುತ್ತದೆ. ನಾಲ್ಕೂ ಶೈಲಿಯನ್ನು ಒಬ್ಬರೇ ಈಜುವ ವೈಯಕ್ತಿಕ ಮೆಡ್ಲೆಯಲ್ಲಿ ಬ್ಯಾಕ್‌ಸ್ಟ್ರೋಕ್‌ನಿಂದ ಬ್ರೆಸ್ಟ್‌ಸ್ಟ್ರೋಕ್‌ಗೆ ಹೋಗುವಾಗ ಬೆನ್ನ ಮೇಲಿದ್ದೇ ಗೋಡೆ ಮುಟ್ಟಬೇಕು. ಬರೀ ಬ್ಯಾಕ್‌ಸ್ಟ್ರೋಕ್ ರೇಸಿನ ಟರ್ನ್‌ನಂತೆ ಮೊದಲೇ ಹೊಟ್ಟೆ ಮೇಲೆ ಮಗುಚಿದರೆ ಕೈ ಎತ್ತುವ ರೆಫರಿ ಕಾದಿರುತ್ತಾರೆ. ಬ್ಯಾಕ್‌ಸ್ಟ್ರೋಕ್‌ಗೆ ಗೋಡೆಯಿಂದ 5 ಮೀಟರ್ ದೂರ, ನೀರಿನಿಂದ 1.8 ಮೀಟರ್ ಎತ್ತರದಲ್ಲಿ ಬಾವುಟದ ಸಾಲಿರುತ್ತದೆ. ಅಲ್ಲಿಂದ ಗೋಡೆಗೆ ಎಷ್ಟು ಕೈ ಎಂದು ಮಗುವಿಗೆ ಗೊತ್ತಿರಬೇಕು. ಅಭ್ಯಾಸದ ಕೊಳದಲ್ಲಿ ಬಾವುಟ ಇಲ್ಲದಿದ್ದರೆ ನೈಲಾನ್ ಹಗ್ಗಕ್ಕೆ ಬಣ್ಣದ ಬಟ್ಟೆ ಚೂರು ಹೊಲಿದು ಎರಡು ತುದಿಗೂ ಕಟ್ಟಿ. ಒಂದು ಸಂಜೆಯ ಕೆಲಸ, ಅದಿಲ್ಲದೆ ತಲೆ ಗೋಡೆಗೆ ಬಡಿಯುತ್ತದೆ.

ದಸರಾ ಕ್ರೀಡಾಕೂಟದಂಥದ್ದು ಊರಲ್ಲೇ ಆದರೆ ಸರಿ. ಬೆಂಗಳೂರಿನ ಕೂಟಕ್ಕೆ ಸುಮಾರು 145 ಕಿಲೋಮೀಟರನ್ನು ಅದೇ ಬೆಳಗ್ಗೆ ಕ್ರಮಿಸಬೇಡಿ, ಹಿಂದಿನ ಸಂಜೆಯೇ ತಲುಪಿ ಎಂಟೂವರೆಗೆ ಮಲಗಿಸಿ. ಮದ್ದೂರು ವಡೆ ವಾಪಸ್ ಬರುವಾಗ. ಚೀಲದಲ್ಲಿ ಎರಡು ಗಾಗಲ್ಸ್ (ಎರಡೂ ಮೊದಲೇ ಬಳಸಿ ಹೊಂದಿಸಿದ್ದು), ಎರಡು ಕ್ಯಾಪ್, ಎರಡು ಸೂಟು, ಮೂರು ಟವೆಲ್, ಚಪ್ಪಲಿ, ಸ್ವೆಟರ್, ಚಿಕ್ಕಿ, ಬಾಳೆಹಣ್ಣು, ಜನ್ಮ ದಾಖಲೆಯ ಪ್ರತಿ. ಇವೆಂಟ್, ಹೀಟ್ (ಎಷ್ಟನೇ ಗುಂಪಿನಲ್ಲಿ ಈಜುವುದು), ಲೇನ್ ಮೂರನ್ನೂ ಮಗುವಿನ ತೋಳ ಮೇಲೆ ಪೆನ್ನಿನಿಂದ ಬರೆಯಿರಿ. ರೇಸ್ ಮುಗಿದ ಮೇಲೆ ಮೊದಲು 200 ಮೀಟರ್ ನಿಧಾನ ಈಜು, ಆಮೇಲೆ ಕೋಚ್, ಕೊನೆಗೆ ಅಪ್ಪ ಅಮ್ಮ. ಕಾರಿನಲ್ಲಿ ರೇಸಿನ ಮಾತು ಮಗು ತೆಗೆದರೆ ಮಾತ್ರ. ಮನೆಯಲ್ಲಿ ಅಜ್ಜಿ ‘ಪ್ರೈಜ್ ಬಂತಾ ಕಂದ?’ ಎಂದು ಕೇಳೇ ಕೇಳುತ್ತಾರೆ, ಅವರಿಗೆ ದಾರಿಯಿಂದಲೇ ಫೋನ್ ಮಾಡಿ ತಿಳಿಸಿಬಿಡಿ.

ಬೆಂಗಳೂರಿಗೇ ಮನೆ ಬದಲಿಸಬೇಕಾ ಎಂಬ ಪ್ರಶ್ನೆ ಹನ್ನೆರಡರ ಹೊತ್ತಿಗೆ ಬರುತ್ತದೆ. ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಮೇಲೆ ಈ ಆತುರ ಹೆಚ್ಚಿದೆ. ಅದೇ ಊರಿನ ಈಜುಗಾರ ಶ್ರೀಹರಿ ನಟರಾಜ್ ಟೋಕಿಯೋ ಒಲಿಂಪಿಕ್ಸ್‌ಗೆ ಹೋದದ್ದು 20ರಲ್ಲಿ ಎಂಬುದನ್ನು ಯಾರೂ ನೆನೆಯುವುದಿಲ್ಲ. ನಾವು ಮೂರು ವಿಷಯ ನೋಡಿ ಹೇಳುತ್ತೇವೆ. ರಾಜ್ಯಮಟ್ಟದಲ್ಲಿ ಸತತ ಎರಡು ವರ್ಷ ಫೈನಲ್ ತಲುಪಿರಬೇಕು, ಮೈ ಬೆಳವಣಿಗೆಯ ಆ ಜಿಗಿತ ಮುಗಿದಿರಬೇಕು, ಕೇಳಿದ್ದು ಮಗುವೇ ಆಗಿರಬೇಕು. ಮೂರೂ ಇದ್ದರೆ ಮೊದಲು ಬೇಸಿಗೆ ರಜೆಯಲ್ಲಿ ಆರು ವಾರ ಅಲ್ಲಿ ಬಿಟ್ಟು ನೋಡಿ, ಮೈಸೂರಿನ ಸ್ಕೂಲಿನ ಟಿಸಿ ಆಗಲೇ ತೆಗೆಸಬೇಡಿ.